ಕರಾವಳಿಯ ಕಚೇರಿಯಲ್ಲಿ ಇಂಟರ್‌ಕಾಮ್ ಸ್ಥಳಾಂತರ: ಯಾವ ಕೋಣೆ, ಯಾವ ಗೋಡೆ, ಯಾವ ವಿಧಾನ

2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಮಳೆನೀರು ರಸ್ತೆಯಿಂದ ಕಟ್ಟಡಗಳ ಒಳಗೆ ನುಗ್ಗಿತ್ತು. ಅಂಥ ದಿನಗಳಲ್ಲಿ ನೆಲಕ್ಕೆ ಹತ್ತಿರವಿರುವ ವಿದ್ಯುತ್ ಸಾಧನಗಳು ಉಳಿಯುವುದು ಕಷ್ಟ. ಹಾಗಿದ್ದರೂ ನಮ್ಮ ಎಷ್ಟೋ ಕಚೇರಿಗಳಲ್ಲಿ ಇಂಟರ್‌ಕಾಮ್ ಫೋನುಗಳನ್ನು ಒಂದಕ್ಕೊಂದೂ ಹೊರಲೈನಿಗೂ ಜೋಡಿಸುವ ಮುಖ್ಯ ಪೆಟ್ಟಿಗೆ, ಅಂದರೆ ಇಪಿಎಬಿಎಕ್ಸ್, ಇಂದಿಗೂ ರಿಸೆಪ್ಶನ್ ಮೇಜಿನ ಕೆಳಗೆ, ತನ್ನ ಬ್ಯಾಟರಿಯ ಪಕ್ಕದಲ್ಲಿ, ಗುಡಿಸುವ ಪೊರಕೆ ತಾಗುವಷ್ಟು ತಗ್ಗಿನಲ್ಲಿ ಇರುತ್ತದೆ. ಕಚೇರಿ ಬದಲಾಗುವಾಗ ಅಥವಾ ಇದ್ದ ಕಚೇರಿಯೇ ದುರಸ್ತಿಗೊಳ್ಳುವಾಗ ಅದನ್ನು ಎತ್ತಿ ಗೋಡೆಗೆ ಏರಿಸುವ ಅವಕಾಶ ದೊರೆಯುತ್ತದೆ. ಆಗ ಎದುರಾಗುವ ಆಯ್ಕೆಗಳನ್ನು ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡುವುದಕ್ಕಾಗಿ ಈ ಬರಹ. ಎಂಟರಿಂದ ಐವತ್ತರವರೆಗೆ ಎಕ್ಸ್‌ಟೆನ್ಶನ್‌ಗಳು, ಅಂದರೆ ಒಳಫೋನುಗಳು, ಇರುವ ಸಹಕಾರ ಸಂಘ, ಶಾಲೆ, ನರ್ಸಿಂಗ್ ಹೋಂ, ಲೆಕ್ಕಪರಿಶೋಧಕರ ಕಚೇರಿ, ಗೇರುಬೀಜದ ಕಾರ್ಖಾನೆ, ಮಲ್ಪೆ ಬಂದರಿನ ಆಸುಪಾಸಿನ ಮೀನು ವ್ಯವಹಾರದ ಕಚೇರಿ ಇಂಥವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಸ್ಥಳಾಂತರದ ಮಾತು ಬಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಯಂತ್ರದ ಬಗ್ಗೆ: ಇದನ್ನೇ ಒಯ್ಯೋಣವೇ, ಹೊಸದನ್ನು ಕೊಳ್ಳೋಣವೇ? ಆ ಪ್ರಶ್ನೆ ಬೇಕಾದದ್ದೇ. ಆದರೆ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಗೋಡೆಯ ಕಲ್ಲೇ ನೀರು ಹೀರಿಕೊಳ್ಳುವ, ಉಪ್ಪುಗಾಳಿಗೆ ತಾಮ್ರದ ತಂತಿ ಹಸಿರುಗಟ್ಟುವ ಊರುಗಳಲ್ಲಿ ಯಂತ್ರದ ಆಯಸ್ಸನ್ನು ನಿರ್ಧರಿಸುವುದು ಅದು ಕೂತಿರುವ ಗೋಡೆ ಮತ್ತು ಅದಕ್ಕೆ ಕೊಟ್ಟಿರುವ ಅರ್ಥಿಂಗ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಯಂತ್ರದ ಆಯ್ಕೆಯನ್ನು ಬೇಗನೆ ಮುಗಿಸಿ, ಗೋಡೆಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹಳೆಯದನ್ನೇ ಒಯ್ಯುವುದೋ, ಹೊಸದನ್ನು ತರುವುದೋ

ಈಗಿರುವ ಪೆಟ್ಟಿಗೆ ಸಾಮಾನ್ಯ ಅನಲಾಗ್ ಮಾದರಿಯದ್ದಾಗಿದ್ದು (ಪ್ರತಿ ಫೋನಿಗೂ ಒಂದು ಜೋಡಿತಂತಿ ಹೋಗುವಂಥದ್ದು), ಎಲ್ಲ ಎಕ್ಸ್‌ಟೆನ್ಶನ್‌ಗಳೂ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಅದನ್ನೇ ಸಾಗಿಸುವುದು ಅಗ್ಗದ ಮಾತ್ರವಲ್ಲ, ಬಹುಪಾಲು ಸಣ್ಣ ಕಚೇರಿಗಳಿಗೆ ಸಾಕಾಗುವ ದಾರಿಯೂ ಹೌದು. ಅನಲಾಗ್ ವ್ಯವಸ್ಥೆಗೆ ಒಂದು ದೊಡ್ಡ ಗುಣವಿದೆ: ದೂರ. ಅರ್ಧ ಮಿ.ಮೀ. ದಪ್ಪದ ತಾಮ್ರದ ಜೋಡಿತಂತಿಯಲ್ಲಿ ಹೋಗಿಬರುವ ರೋಧ ಕಿಲೋಮೀಟರಿಗೆ ಸುಮಾರು 180 ಓಮ್ ಮಾತ್ರವಾದ್ದರಿಂದ, ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ವಿಶಾಲ ಆವರಣದಲ್ಲಿ ಗೇಟಿನ ಕಾವಲುಗಾರರ ಕೋಣೆ, ತೂಕದ ಸೇತುವೆ, ಗೋದಾಮುಗಳಿಗೆಲ್ಲ ಒಂದೇ ಪೆಟ್ಟಿಗೆಯಿಂದ ತಂತಿ ಎಳೆಯಬಹುದು. ಕಂಪ್ಯೂಟರ್ ನೆಟ್‌ವರ್ಕಿನ ಮೂಲಕ ನಡೆಯುವ ಐಪಿ ಫೋನಿನ ತಾಮ್ರದ ಕೇಬಲ್‌ಗೆ 100 ಮೀಟರಿನ ಮಿತಿಯಿದೆ. ಅದಕ್ಕಿಂತ ದೂರ ಹೋಗಬೇಕಾದರೆ ನಡುವೆ ನೆಟ್‌ವರ್ಕ್ ಸ್ವಿಚ್ ಅಥವಾ ಫೈಬರ್ ಬೇಕು, ಅವುಗಳಿಗೆ ವಿದ್ಯುತ್ತೂ ಬೇಕು.

ಹೊಸ ಕಚೇರಿಯ ಪ್ರತಿಯೊಂದು ಮೇಜಿಗೂ ಈಗಾಗಲೇ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಬಂದಿದ್ದರೆ ಲೆಕ್ಕ ಬೇರೆ. ಆಗ ಹಳೆಯ ಪೆಟ್ಟಿಗೆಗಾಗಿ ಮತ್ತೊಂದು ಜಾಲವನ್ನು ಎಳೆಯುವುದಕ್ಕಿಂತ ಐಪಿ ವ್ಯವಸ್ಥೆಗೆ ಹೋಗುವುದು ಲೇಸು. ಪಿಓಇ ಸ್ವಿಚ್ ಒಂದೇ ಕೇಬಲ್‌ನಲ್ಲಿ ಮಾತನ್ನೂ ವಿದ್ಯುತ್ತನ್ನೂ ಕೊಡುತ್ತದೆ. ಸಾಮಾನ್ಯ ಪಿಓಇಯಲ್ಲಿ ಪ್ರತಿ ಪೋರ್ಟಿಗೆ 15.4 ವ್ಯಾಟ್ ದೊರೆಯುತ್ತದೆ, ಮೇಜಿನ ಫೋನಿಗೆ ಅದು ಧಾರಾಳ. ಆದರೆ ಆ ಸ್ವಿಚ್ಚನ್ನು ಯುಪಿಎಸ್‌ಗೆ ಜೋಡಿಸದಿದ್ದರೆ ಕರೆಂಟು ಹೋದ ಕ್ಷಣದಲ್ಲಿ ಇಡೀ ಕಚೇರಿಯ ಫೋನುಗಳು ಒಟ್ಟಿಗೆ ಮೌನವಾಗುತ್ತವೆ. ಹಳೆಯದನ್ನು ಉಳಿಸಿಕೊಳ್ಳುವ ಮೊದಲು ಬಿಡಿಭಾಗ ಸಿಗುತ್ತದೆಯೇ ಎಂಬುದನ್ನೂ ನೋಡಬೇಕು. ಕರಾವಳಿಯ ಅನೇಕ ಕಚೇರಿಗಳಲ್ಲಿರುವ ಪ್ಯಾನಾಸಾನಿಕ್ ಪೆಟ್ಟಿಗೆಗಳ ಕಂಪನಿಯು 2022ರಲ್ಲಿ ಈ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಘೋಷಿಸಿತು. ಅಂಥ ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತಿರಬಹುದು. ಆದರೆ ಅದಕ್ಕಾಗಿ ಹೊಸ ಕಾರ್ಡುಗಳನ್ನು (ಲೈನುಗಳು ಬಂದು ಸೇರುವ ಒಳಗಿನ ಸರ್ಕಿಟ್ ಹಲಗೆಗಳನ್ನು) ಕೊಂಡು ವಿಸ್ತರಿಸುವುದು ಬೇಡ, ಇರುವಷ್ಟರಲ್ಲಿ ಬಳಸಿ, ಮುಂದಿನ ಬದಲಾವಣೆಗೆ ಹಣ ಎತ್ತಿಡುವುದು ಒಳ್ಳೆಯದು.

ಸಂಖ್ಯೆಯ ವಿಷಯವನ್ನು ಹಲವರು ಕೊನೆಯ ವಾರದಲ್ಲಿ ನೆನಪಿಸಿಕೊಳ್ಳುತ್ತಾರೆ. ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿ ಮತ್ತು ಮಣಿಪಾಲದ್ದು 0820, ಕುಂದಾಪುರದ್ದು 08254, ಕಾರ್ಕಳದ್ದು 08258. ಕೋಡ್ ಬದಲಾಗುವ ಊರಿಗೆ ಕಚೇರಿ ಹೋದರೆ ಹಳೆಯ ಸ್ಥಿರ ದೂರವಾಣಿ ಸಂಖ್ಯೆ ಜೊತೆಗೆ ಬರುವುದಿಲ್ಲ. ಒಂದೇ ಕೋಡಿನೊಳಗಿನ ಸ್ಥಳಾಂತರಕ್ಕೂ ಸೇವೆ ಕೊಡುವ ಸಂಸ್ಥೆಗೆ ಮುಂಚಿತವಾಗಿ ಅರ್ಜಿ ಕೊಟ್ಟು, ಸಂಖ್ಯೆ ಉಳಿಯುತ್ತದೆ ಎಂಬ ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಲೆಟರ್‌ಹೆಡ್, ಬೋರ್ಡುಗಳನ್ನು ಮುದ್ರಿಸಲು ಕೊಡಬೇಕು.

ಹೊರಗಿನ ಲೈನು ತಾಮ್ರದ್ದೋ ಫೈಬರಿನದ್ದೋ ಎಂಬ ಆಯ್ಕೆ ಇದ್ದಲ್ಲಿ ನಾನು ಯಾವ ಅನುಮಾನವೂ ಇಲ್ಲದೆ ಫೈಬರ್ ಎನ್ನುತ್ತೇನೆ. ಕಂಬದಿಂದ ಕಂಬಕ್ಕೆ ಹಾದು ಬರುವ ತಾಮ್ರದ ತಂತಿ ಸಿಡಿಲಿನ ಆಘಾತವನ್ನು ನೇರವಾಗಿ ಪೆಟ್ಟಿಗೆಯ ಲೈನ್ ಕಾರ್ಡಿಗೆ ತಂದು ಮುಟ್ಟಿಸಬಲ್ಲದು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಫೈಬರಿನ ತುದಿಯಲ್ಲಿ ಕೂರುವ ಓಎನ್‌ಟಿ ಎಂಬ ಪುಟ್ಟ ಸಾಧನದ ಫೋನ್ ಪೋರ್ಟಿನಿಂದ ಇಪಿಎಬಿಎಕ್ಸ್‌ನ ಹೊರಲೈನಿನ ಪೋರ್ಟಿಗೆ ಒಂದು ಚಿಕ್ಕ ತಂತಿ ಸಾಕು. ಆದರೆ ಓಎನ್‌ಟಿಗೆ ಸ್ಥಳೀಯ ವಿದ್ಯುತ್ ಬೇಕಾದ್ದರಿಂದ ಇಪಿಎಬಿಎಕ್ಸ್ ಇರುವ ಯುಪಿಎಸ್‌ಗೇ ಅದನ್ನೂ ಸೇರಿಸುವುದನ್ನು ಮರೆಯಬಾರದು.

ಯಾವ ಕೋಣೆ

ರಿಸೆಪ್ಶನ್ ಬಳಿ ಪೆಟ್ಟಿಗೆಯನ್ನಿಡುವುದರಿಂದ ತಂತಿಯ ಉಳಿತಾಯವಾಗುತ್ತದೆ, ಆದರೆ ಜನಸಂಚಾರವಿರುವಲ್ಲಿ ಅದು ಸುರಕ್ಷಿತವಲ್ಲ. ಮೆಟ್ಟಿಲಿನ ಕೆಳಗಿನ ಜಾಗ ಖಾಲಿಯಿದೆಯೆಂಬ ಒಂದೇ ಕಾರಣಕ್ಕೆ ಅಲ್ಲಿಗೆ ಒಯ್ಯುವವರಿದ್ದಾರೆ. ಮಳೆಗಾಲದಲ್ಲಿ ಆ ಮೂಲೆಯೇ ಕಟ್ಟಡದ ಅತ್ಯಂತ ತೇವದ ಜಾಗವಾಗಿರುತ್ತದೆ, ಒದ್ದೆ ಕೊಡೆಗಳೂ ನೆಲ ಒರೆಸುವ ಬಾಲ್ದಿಯೂ ಅಲ್ಲಿಯೇ ಬಂದು ಸೇರುತ್ತವೆ. ಮೆಸ್ಕಾಂ ಮೀಟರ್ ಬೋರ್ಡಿನ ಪಕ್ಕದ ಗೋಡೆಯೂ ಬೇಡ. ಅಲ್ಲಿ ದಪ್ಪ ವಿದ್ಯುತ್ ಕೇಬಲ್‌ಗಳು ಫೋನಿನ ತಂತಿಗಳ ಜೊತೆಯಲ್ಲೇ ಸಾಗುವುದರಿಂದ ಮಾತಿನ ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ.

ಯುಪಿಎಸ್ ಮತ್ತು ನೆಟ್‌ವರ್ಕ್ ಸಾಮಗ್ರಿಗಳಿರುವ, ಬೀಗ ಹಾಕಬಹುದಾದ ಒಳಕೋಣೆ ಎಲ್ಲಕ್ಕಿಂತ ಉತ್ತಮ. ಅದು ಇಲ್ಲದಿದ್ದರೆ ದಾಖಲೆ ಕೋಣೆ ಅಥವಾ ಲೆಕ್ಕಪತ್ರದ ಕೋಣೆಯ ಒಳಗೋಡೆ ಆದೀತು. ಶೌಚಾಲಯದ ನೀರಿನ ಕೊಳವೆ ಹಾದುಹೋಗುವ ಗೋಡೆಯನ್ನೂ, ಎಸಿಯ ನೀರು ಇಳಿಯುವ ಜಾಗವನ್ನೂ, ಪಶ್ಚಿಮಕ್ಕೆ ಮುಖಮಾಡಿದ ಹೊರಗೋಡೆಯನ್ನೂ ಬಿಟ್ಟುಬಿಡಬೇಕು. ನೈಋತ್ಯ ಮಾನ್ಸೂನಿನ ಗಾಳಿಮಳೆ ಕಡಲಿನ ಕಡೆಯಿಂದ ನೇರವಾಗಿ ಹೊಡೆಯುವುದು ಆ ಗೋಡೆಗೇ. ಬಂದರು ಪ್ರದೇಶದ ಹಳೆಯ ಹೆಂಚಿನ ಕಟ್ಟಡಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಎರಡು ಮಾಡುಗಳು ಕೂಡುವ ಕಣಿವೆಯ ನೇರ ಕೆಳಗೆ ಪೆಟ್ಟಿಗೆ ಬರಬಾರದು, ಏಕೆಂದರೆ ಹೆಂಚಿನ ಮಾಡು ಸೋರುವುದಕ್ಕೆ ಆರಂಭವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಹವಾನಿಯಂತ್ರಿತ ಕೋಣೆ ಯಂತ್ರಕ್ಕೆ ಯಾವಾಗಲೂ ಹಿತವೆಂಬ ನಂಬಿಕೆಯಿದೆ. ಹಗಲಿಗೆ ಮಾತ್ರ ಎಸಿ ಓಡುವ ಕೋಣೆಯಲ್ಲಿ, ಸಂಜೆ ಅದನ್ನು ಆರಿಸಿ ಕಿಟಕಿ ತೆರೆದಾಗ ಹೊರಗಿನ ತೇವದ ಗಾಳಿ ತಣ್ಣಗಿರುವ ಲೋಹದ ಮೇಲೆ ಹನಿಗಟ್ಟುತ್ತದೆ. ಪೆಟ್ಟಿಗೆ ಸದಾ ಚಾಲೂ ಆಗಿದ್ದರೆ ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ. ಪಕ್ಕದ ತಂತಿ ಜೋಡಣೆಯ ಡಬ್ಬಿಗೆ ಆ ಬಿಸಿಯಿಲ್ಲ. ಆದ್ದರಿಂದ ಅಂಥ ಕೋಣೆಯಲ್ಲಿ ಜೋಡಣೆಯ ಡಬ್ಬಿಗೆ ಬಿಗಿಯಾದ ಮುಚ್ಚಳವಿರಬೇಕು, ಮತ್ತು ದೀರ್ಘ ರಜೆಯಲ್ಲೂ ಮುಖ್ಯ ಪೆಟ್ಟಿಗೆಯನ್ನು ಆರಿಸದಿರುವುದು ಮೇಲು.

ಗೋಡೆ ಮತ್ತು ಅಳವಡಿಕೆ

ಕರಾವಳಿಯ ಗೋಡೆಗಳಲ್ಲಿ ಕೆಂಪುಕಲ್ಲಿನದು ಹೆಚ್ಚು. ಗಣಿಯಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಈ ಕಲ್ಲಿನ ಒಳಗೆ ಅಲ್ಲಲ್ಲಿ ಟೊಳ್ಳುಗಳೂ ಜೇಡಿ ತುಂಬಿದ ಮೃದು ಭಾಗಗಳೂ ಇರುತ್ತವೆ. ಡ್ರಿಲ್ಲಿನ ತುದಿ ಮೊದಲ ಒಂದು ಇಂಚು ಗಟ್ಟಿಯಾಗಿ ಕೊರೆದು, ಆಮೇಲೆ ಏಕಾಏಕಿ ಒಳಗೆ ಜಾರಿತೆಂದರೆ ಟೊಳ್ಳು ಸಿಕ್ಕಿದೆಯೆಂದು ಅರ್ಥ; ಅಲ್ಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಯಲ್ಲೇ ತಿರುಗುತ್ತದೆ. ಹೊರಬರುವ ಪುಡಿ ಒಣಗಿದ ಕೆಂಪು ಮರಳಿನಂತಿರದೆ ಅಂಟು ಅಂಟಾದ ಮಣ್ಣಿನಂತಿದ್ದರೆ ತೂತನ್ನು ಒಂದು ಗೇಣು ಪಕ್ಕಕ್ಕೆ ಸರಿಸುವುದೇ ಸರಿ. ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಮೊದಲೇ ಒತ್ತಬಾರದು. ಮೃದುವಾದ ಕಲ್ಲಿನಲ್ಲಿ ಅದು ತೂತಿನ ಬಾಯನ್ನು ಒಡೆದು ಅಗಲ ಮಾಡುತ್ತದೆ. ಸಾಮಾನ್ಯ ತಿರುಗುವಿಕೆಯಲ್ಲೇ ಕೊರೆದು, ಗಟ್ಟಿ ಕಲ್ಲು ಎದುರಾದರೆ ಮಾತ್ರ ಹ್ಯಾಮರ್ ಬಳಸಬೇಕು. ಹಳೆಯ ಕಟ್ಟಡಗಳ ಸುಣ್ಣದ ಗಾರೆಗೆ ಪ್ಲಗ್ ಹಿಡಿದಿಡುವ ಶಕ್ತಿಯೇ ಇಲ್ಲವಾದ್ದರಿಂದ, ಗಾರೆಯ ದಪ್ಪವನ್ನು ದಾಟಿ ಪ್ಲಗ್ ಪೂರ್ತಿಯಾಗಿ ಕಲ್ಲಿನೊಳಗೆ ಕೂರುವಷ್ಟು ಉದ್ದದ್ದನ್ನು ಆರಿಸಬೇಕು.

ಹೊಸ ಕಟ್ಟಡಗಳ ಸಿಮೆಂಟಿನ ಹಾಲೋ ಬ್ಲಾಕ್ ಗೋಡೆ ಇನ್ನೊಂದು ಬಗೆಯದ್ದು. ಅದರ ಹೊರಪದರ ತೆಳು, ಒಳಗೆ ಖಾಲಿ. ಸಾಮಾನ್ಯ ಪ್ಲಗ್ ಆ ಖಾಲಿಯೊಳಗೆ ತಳ್ಳಲ್ಪಡುತ್ತದೆ. ಒಳಗೆ ಹೋದ ಮೇಲೆ ರೆಕ್ಕೆ ಬಿಚ್ಚಿ ಹಿಡಿಯುವ ಬಗೆಯ ಪ್ಲಗ್ ಇಲ್ಲಿ ಬೇಕು, ಅಥವಾ ಬ್ಲಾಕುಗಳ ನಡುವಿನ ಗಟ್ಟಿ ಭಾಗವನ್ನು ತಟ್ಟಿ ಗುರುತಿಸಿ ಅಲ್ಲಿ ಕೊರೆಯಬೇಕು. ಕಾಂಕ್ರೀಟ್ ಕಂಬ ಎಲ್ಲಕ್ಕಿಂತ ಗಟ್ಟಿಯಾದರೂ ಒಳಗಿನ ಕಬ್ಬಿಣಕ್ಕೆ ತುದಿ ತಗುಲಿದರೆ ಒತ್ತಾಯದಿಂದ ಮುಂದುವರಿಯಬಾರದು. ಜಿಪ್ಸಮ್ ಪಾರ್ಟಿಷನ್ನಿಗೆ ಫೋನ್ ಸೆಟ್ ತೂಗುಹಾಕಬಹುದೇ ಹೊರತು ಮುಖ್ಯ ಪೆಟ್ಟಿಗೆಯನ್ನಲ್ಲ.

ಇನ್ನು ಅಳವಡಿಕೆಯ ವಿಧಾನಗಳು. ಪೆಟ್ಟಿಗೆಯನ್ನು ನೇರವಾಗಿ ಗೋಡೆಗೆ ಸ್ಕ್ರೂ ಮಾಡುವುದು ಮೊದಲನೆಯದು. ಪ್ಯಾನಾಸಾನಿಕ್ ಕೆಎಕ್ಸ್-ಟಿಇಎಸ್824ರಂಥ ಸಣ್ಣ ಪೆಟ್ಟಿಗೆ ಸುಮಾರು 3.5 ಕೆಜಿ ತೂಗುತ್ತದೆ. ಒಣಗಿದ ಒಳಗೋಡೆಯಲ್ಲಿ, ಕಂಪನಿ ಕೊಟ್ಟ ಅಳತೆಯ ಕಾಗದವನ್ನು ಗೋಡೆಗೆ ಅಂಟಿಸಿ ಗುರುತು ಮಾಡಿಕೊಂಡು ಕೊರೆದರೆ ಅದಕ್ಕೆ ಈ ವಿಧಾನ ಸಾಕು. ಆದರೆ ಕೆಂಪುಕಲ್ಲಿನ ಗೋಡೆಯಲ್ಲಿ ಪೆಟ್ಟಿಗೆಯ ತೂತುಗಳು ಬರಬೇಕಾದ ಜಾಗದಲ್ಲೇ ಎಲ್ಲ ಕಡೆಯೂ ಒಳ್ಳೆಯ ಕಲ್ಲು ಸಿಗುತ್ತದೆಂದು ಹೇಳಲಾಗದು. ಮೇಲಾಗಿ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬೆವರುವ ಗೋಡೆಗೆ ಯಂತ್ರದ ಬೆನ್ನು ತಾಗಿಯೇ ಇರುತ್ತದೆ.

ಎರಡನೆಯ ವಿಧಾನ ಹಲಗೆಯದು. ಸುಮಾರು 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆಯನ್ನು ಮೊದಲು ಗೋಡೆಗೆ ಬಿಗಿದು, ಪೆಟ್ಟಿಗೆ, ತಂತಿ ಜೋಡಣೆಯ ಕ್ರೋನ್ ಡಬ್ಬಿ, ಓಎನ್‌ಟಿ ಎಲ್ಲವನ್ನೂ ಆ ಹಲಗೆಯ ಮೇಲೆ ಸಣ್ಣ ಸ್ಕ್ರೂಗಳಿಂದ ಕೂರಿಸುವುದು. ಈ ಕರಾವಳಿಗೆ ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುವುದು ಇದನ್ನೇ. ಹಲಗೆಯನ್ನು ಹಿಡಿಯುವ ಆರೋ ಎಂಟೋ ಸ್ಕ್ರೂಗಳನ್ನು ಗೋಡೆಯಲ್ಲಿ ಕಲ್ಲು ಗಟ್ಟಿಯಿರುವ ಕಡೆ ಹಾಕಿಕೊಳ್ಳುವ ಸ್ವಾತಂತ್ರ್ಯವಿರುತ್ತದೆ. ಹಲಗೆಯ ಹಿಂದೆ ಅರ್ಧ ಇಂಚಿನ ಪಟ್ಟಿಗಳನ್ನು ಕೊಟ್ಟರೆ ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುತ್ತದೆ. ಮುಂದೆ ಯಂತ್ರ ಬದಲಾದರೂ ಗೋಡೆಯನ್ನು ಮತ್ತೆ ಕೊರೆಯಬೇಕಾಗಿಲ್ಲ. ಅಂಗಡಿಯಲ್ಲಿ ಕೇಳುವಾಗ ಐಎಸ್ 710 ಗುರುತಿರುವ ಮೆರೈನ್ ಪ್ಲೈವುಡ್ ಕೇಳಬೇಕು, ಐಎಸ್ 303 ಗುರುತಿನ ಸಾಮಾನ್ಯ ಪ್ಲೈವುಡ್ ಅಲ್ಲ. ಗೆದ್ದಲಿನ ಕಾಟವಿರುವ ಕಟ್ಟಡವಾದರೆ ಹಲಗೆಯ ಹಿಂಬದಿಗೂ ಕತ್ತರಿಸಿದ ಅಂಚುಗಳಿಗೂ ಗೆದ್ದಲು ನಿರೋಧಕ ಹಚ್ಚಿ, ಎಲ್ಲ ಬದಿಗೂ ಬಣ್ಣ ಬಳಿದು ಒಣಗಿದ ಮೇಲೆ ಏರಿಸಬೇಕು. ಹಲಗೆಯ ಕೆಳ ಅಂಚು ನೆಲಕ್ಕೆ ತಾಗಬಾರದು. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಪಣಂಬೂರು, ಉಳ್ಳಾಲ, ಮಲ್ಪೆಗಳಂಥ ಕಡಲಂಚಿನ ಜಾಗದಲ್ಲಿ ಸಾದಾ ಕಬ್ಬಿಣದ ಸ್ಕ್ರೂವಿನ ತಲೆ ತುಕ್ಕು ಹಿಡಿದು ಬಿಚ್ಚಲಾಗದಂತಾಗುತ್ತದೆ.

ಮೂರನೆಯದು ಗೋಡೆಗೆ ತೂಗುವ ರ್‍ಯಾಕ್, ಅಂದರೆ ಗಾಜಿನ ಬಾಗಿಲಿನ ಕಬ್ಬಿಣದ ಕಪಾಟು. ಐಪಿ ವ್ಯವಸ್ಥೆಗೆ, ಹಲವು ಸ್ವಿಚ್‌ಗಳಿರುವ ಕಚೇರಿಗೆ ಇದು ಅಗತ್ಯವೇ. ಇದರ ತೂಕದ ಬಗೆ ಮಾತ್ರ ಬೇರೆ. ಚಪ್ಪಟೆಯಾದ ಪೆಟ್ಟಿಗೆಯ ಭಾರ ಗೋಡೆಗೆ ಹತ್ತಿರದಲ್ಲೇ ಕೆಳಮುಖವಾಗಿ ಇಳಿಯುತ್ತದೆ. ಅರ್ಧ ಮೀಟರಿನಷ್ಟು ಮುಂದೆ ಚಾಚಿದ ರ್‍ಯಾಕ್ ತನ್ನ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ. ಪ್ಲಾಸ್ಟಿಕ್ ಪ್ಲಗ್ಗುಗಳು ಈ ಎಳೆತಕ್ಕೆ ಕೆಂಪುಕಲ್ಲಿನಲ್ಲಿ ನಿಲ್ಲಲಾರವು. ಅಲ್ಲಿ ಗೋಡೆಯ ಆಚೆ ಬದಿಗೆ ತಟ್ಟೆ ಕೊಟ್ಟು ಗೋಡೆಯನ್ನು ದಾಟಿ ಹೋಗುವ ಬೋಲ್ಟ್ ಹಾಕಬೇಕು, ಇಲ್ಲವೇ ರಾಸಾಯನಿಕ ಅಂಟು ತುಂಬಿ ಕೂರಿಸುವ ಆ್ಯಂಕರ್ ಬಳಸಬೇಕು, ಇಲ್ಲವೇ ಕಾಂಕ್ರೀಟ್ ಕಂಬಕ್ಕೇ ಬಿಗಿಯಬೇಕು. ಯಾವುದೂ ಸಾಧ್ಯವಿಲ್ಲದಿದ್ದರೆ ಗೋಡೆಯ ಹಟವನ್ನು ಬಿಟ್ಟು, ನೆಲದಿಂದ ಎತ್ತರಿಸಿದ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ರ್‍ಯಾಕನ್ನು ಇಡುವುದು ಹೆಚ್ಚು ಸುರಕ್ಷಿತ.

ಯಾವ ವಿಧಾನವಾದರೂ ಬ್ಯಾಟರಿಯನ್ನು ಮುಖ್ಯ ಪೆಟ್ಟಿಗೆಯ ಮೇಲೆ ತೂಗುಹಾಕಬಾರದು. 12 ವೋಲ್ಟ್, 7 ಎಎಚ್ ಬ್ಯಾಟರಿಯೇ ಎರಡು ಕೆಜಿಗೂ ಹೆಚ್ಚು ತೂಗುತ್ತದೆ. 48 ವೋಲ್ಟಿನ ವ್ಯವಸ್ಥೆಗೆ ಅಂಥ ನಾಲ್ಕು ಬೇಕು. ಸೀಲ್ ಮಾಡಿದ ಬ್ಯಾಟರಿಯೂ ಅತಿಯಾಗಿ ಚಾರ್ಜ್ ಆದಾಗ ಹೈಡ್ರೋಜನ್ ಹೊರಬಿಡುವುದರಿಂದ ಅದನ್ನು ಮುಚ್ಚಿದ ಕಪಾಟಿನಲ್ಲಿ ಇಡದೆ, ಮೊಣಕಾಲೆತ್ತರದ ಸ್ಟ್ಯಾಂಡಿನಲ್ಲಿ, ಗಾಳಿಯಾಡುವಲ್ಲಿ ಇಡಬೇಕು.

ಕೊರೆಯುವ ಮೊದಲು ಗೋಡೆಯೊಳಗಿನ ವಿದ್ಯುತ್ ಪೈಪುಗಳನ್ನು ಗುರುತಿಸುವುದು ಕಡ್ಡಾಯ. ಸ್ವಿಚ್‌ಬೋರ್ಡಿನ ನೇರ ಮೇಲಿನ ಮತ್ತು ಕೆಳಗಿನ ಪಟ್ಟಿಯಲ್ಲಿ ಎಂದಿಗೂ ಕೊರೆಯಬಾರದು. ಪತ್ತೆ ಮಾಡುವ ಉಪಕರಣ ಎಲೆಕ್ಟ್ರಿಷಿಯನ್ ಬಳಿ ಇದ್ದರೂ ಆ ಭಾಗದ ಎಂಸಿಬಿಯನ್ನು ಇಳಿಸಿಯೇ ಕೆಲಸ ಮಾಡಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಹಳೆಯ ಪೆಟ್ಟಿಗೆ ಅದೇ ಕೋಣೆಯಲ್ಲಿದ್ದರೆ ಪುಡಿ ಒಳಸೇರದಂತೆ ಅದನ್ನು ಮುಚ್ಚಬೇಕು.

ಹೊರಗಿನಿಂದ ತಂತಿ ಒಳಬರುವ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಬೇಕು. ತಂತಿಯು ತೂತನ್ನು ಸೇರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇರಬೇಕು; ತಂತಿಗುಂಟ ಹರಿದುಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟು ಸಣ್ಣ ಕೆಲಸವನ್ನು ಮಾಡದ ಕಾರಣಕ್ಕೆ ಕ್ರೋನ್ ಡಬ್ಬಿಗಳು ಮಳೆಗಾಲವಿಡೀ ಒದ್ದೆಯಾಗಿ, ಲೈನುಗಳಲ್ಲಿ ಕರಕರ ಸದ್ದು ಕೇಳುತ್ತಿರುತ್ತದೆ. ತೂತನ್ನು ಸಿಲಿಕೋನಿನಿಂದ ಮುಚ್ಚಿದರೆ ಇರುವೆ, ಹಲ್ಲಿಗಳೂ ಒಳಬರುವುದಿಲ್ಲ.

ಅರ್ಥಿಂಗ್ ಮತ್ತು ಸಿಡಿಲು

ಏಪ್ರಿಲ್–ಮೇ ತಿಂಗಳುಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರ್–ನವೆಂಬರಿನ ಗುಡುಗು, ಇವೆರಡು ಇಲ್ಲಿನ ದೂರವಾಣಿ ಸಾಧನಗಳಿಗೆ ಅಪಾಯದ ಕಾಲ. ಇರುವ ಆಯ್ಕೆಗಳು ಮೂರು: ಕಟ್ಟಡದ ಸಾಮಾನ್ಯ ಅರ್ಥಿಂಗನ್ನೇ ನಂಬುವುದು, ಇಪಿಎಬಿಎಕ್ಸ್‌ಗೆಂದೇ ಹೊಸ ಅರ್ಥಿಂಗ್ ಗುಂಡಿ ತೋಡುವುದು, ಅಥವಾ ಸಿಡಿಲು ಬಂದಾಗ ತಂತಿಗಳನ್ನು ಕೀಳುತ್ತೇವೆಂದು ಸುಮ್ಮನಿರುವುದು. ಮೂರನೆಯದನ್ನು ನಾನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ. ರಾತ್ರಿ ಕಚೇರಿ ಮುಚ್ಚಿದ ಮೇಲೆ ಬರುವ ಸಿಡಿಲಿಗೆ ಯಾರೂ ತಂತಿ ಕೀಳುವುದಿಲ್ಲ, ಹಗಲಲ್ಲಿ ಗುಡುಗುತ್ತಿರುವಾಗ ಕೈ ಹಾಕುವುದು ಮನುಷ್ಯರಿಗೇ ಅಪಾಯ.

ಕಟ್ಟಡದ ಅರ್ಥಿಂಗ್ ಸಾಕೇ ಎಂಬುದನ್ನು ಅಳೆದೇ ತೀರ್ಮಾನಿಸಬೇಕು. ಅಳವಡಿಸುವವರು ಸಾಮಾನ್ಯವಾಗಿ 5 ಓಮ್‌ಗಿಂತ ಕಡಿಮೆ ಇರಬೇಕೆಂದು ಕೇಳುತ್ತಾರೆ, ಕೆಲವು ಕಂಪನಿಗಳ ಕೈಪಿಡಿಗಳು ಇನ್ನೂ ಕಡಿಮೆ ಬಯಸುತ್ತವೆ. ನಿಮ್ಮ ಯಂತ್ರದ ಕೈಪಿಡಿ ಹೇಳಿದ್ದೇ ಅಂತಿಮ. ಅಳೆಯುವ ಕಾಲ ಮುಖ್ಯ. ಜುಲೈಯಲ್ಲಿ ನೆಲ ತೊಯ್ದಿರುವಾಗ ಯಾವ ಗುಂಡಿಯೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಸಿಡಿಲು ಬೀಳುವುದು ನೆಲ ಒಣಗಿ ಬಿರಿದಿರುವ ಏಪ್ರಿಲ್‌ನಲ್ಲಿ, ಆಗ ಕೆಂಪುಕಲ್ಲಿನ ನೆಲದ ರೋಧ ಬಹಳ ಏರಿರುತ್ತದೆ. ಬೇಸಿಗೆಯಲ್ಲಿ ಅಳೆದಾಗ ಅಂಕಿ ಹೆಚ್ಚಿದ್ದರೆ ಹೊಸ ಗುಂಡಿ ತೋಡಿ, ಅದನ್ನು ಕಟ್ಟಡದ ಮುಖ್ಯ ಅರ್ಥಿಂಗಿನ ಪಟ್ಟಿಗೂ ಸೇರಿಸಬೇಕು. ಎರಡು ಅರ್ಥಿಂಗ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದರೆ, ಸಿಡಿಲಿನ ಹೊತ್ತಿನಲ್ಲಿ ಅವುಗಳ ನಡುವೆ ಹುಟ್ಟುವ ವೋಲ್ಟೇಜ್ ವ್ಯತ್ಯಾಸ ನಿಮ್ಮ ಯಂತ್ರದ ಮೂಲಕವೇ ಹಾದುಹೋಗಲು ದಾರಿ ಹುಡುಕುತ್ತದೆ. ಈ ಕೆಲಸಕ್ಕೆ ಐಎಸ್ 3043 ಎಂಬ ಭಾರತೀಯ ಮಾನಕವಿದೆ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಅದನ್ನು ಅನುಸರಿಸಿ ಮಾಡಲಿ. ನೀರಿನ ಕೊಳವೆಗಾಗಲಿ ಮಾಡಿನ ಮೇಲಿನ ಮಿಂಚುವಾಹಕದಿಂದ ಇಳಿದ ತಂತಿಗಾಗಲಿ ಇಪಿಎಬಿಎಕ್ಸ್‌ನ ಅರ್ಥಿಂಗ್ ತಂತಿಯನ್ನು ಸುತ್ತಿ ಮುಗಿಸಬಾರದು.

ಹೊರಗಿನ ತಾಮ್ರದ ಲೈನುಗಳಿಗೂ ಕಟ್ಟಡದಿಂದ ಕಟ್ಟಡಕ್ಕೆ ಹೊರಾಂಗಣದಲ್ಲಿ ಹಾದುಹೋಗುವ ಎಕ್ಸ್‌ಟೆನ್ಶನ್‌ಗಳಿಗೂ ಕ್ರೋನ್ ಪಟ್ಟಿಯ ಮೇಲೆ ಕೂರುವ ಸರ್ಜ್ ರಕ್ಷಕಗಳನ್ನು (ಸಿಡಿಲಿನ ಆಘಾತವನ್ನು ಅರ್ಥಿಂಗಿಗೆ ಇಳಿಸುವ ಬಿಡಿಭಾಗಗಳನ್ನು) ಹಾಕಬೇಕು. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಗೇಟಿನ ಕೋಣೆಗೆ ಹೋಗುವ ತಂತಿ ನಮ್ಮದೇ ಆವರಣದೊಳಗಿದ್ದರೂ ಸಿಡಿಲಿನ ದೃಷ್ಟಿಯಿಂದ ಅದೂ ಹೊರಗಿನ ತಂತಿಯೇ. ರಕ್ಷಕದಿಂದ ಅರ್ಥಿಂಗ್ ಪಟ್ಟಿಗೆ ಹೋಗುವ ತಂತಿ ದಪ್ಪವಾಗಿ, ಗಿಡ್ಡವಾಗಿ, ಸುರುಳಿ ಇಲ್ಲದೆ ನೇರವಾಗಿರಬೇಕು.

ಬಿಚ್ಚುವ ಮತ್ತು ಜೋಡಿಸುವ ಕ್ರಮ

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ ಪತ್ತನಾಜೆಯೊಳಗೆ, ಅಂದರೆ ಮೇ 24–25ರ ಮೊದಲು, ಗೋಡೆಯ ಕೆಲಸ ಮುಗಿಯುವಂತೆ ಯೋಜಿಸಿದರೆ ಬಣ್ಣವೂ ಅಂಟೂ ಒಣಗಲು ಸಮಯ ಸಿಗುತ್ತದೆ. ಬಿಚ್ಚುವ ಹಿಂದಿನ ವಾರ ಮಾಡಬೇಕಾದ ಮೊದಲ ಕೆಲಸ ಪ್ರೋಗ್ರಾಮಿಂಗ್‌ನ ಪ್ರತಿ ತೆಗೆದಿಡುವುದು. ಹಳೆಯ ಪೆಟ್ಟಿಗೆಗಳಲ್ಲಿ ನೆನಪನ್ನು ಉಳಿಸುವ ಸಣ್ಣ ಲಿಥಿಯಂ ಸೆಲ್ ವರ್ಷಗಳ ಬಳಿಕ ಸತ್ತಿರಬಹುದು. ಯಂತ್ರ ಸದಾ ಚಾಲೂ ಇದ್ದುದರಿಂದ ಅದು ಯಾರಿಗೂ ತಿಳಿದಿರುವುದಿಲ್ಲ, ಸ್ಥಳಾಂತರಕ್ಕಾಗಿ ಆರಿಸಿದ ದಿನವೇ ಎಲ್ಲ ಸಂಖ್ಯೆಗಳೂ ಅಳಿಸಿಹೋಗುತ್ತವೆ. ಕಂಪ್ಯೂಟರಿಗೆ ಪ್ರತಿ ತೆಗೆಯಲಾಗದ ಮಾದರಿಯಾದರೆ ಯಾವ ಪೋರ್ಟಿಗೆ ಯಾವ ಸಂಖ್ಯೆ, ಯಾರಿಗೆ ಹೊರಲೈನು, ರಾತ್ರಿ ಕರೆ ಯಾವ ಫೋನಿಗೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ತಂತಿ ಜೋಡಣೆಯ ಡಬ್ಬಿಯ ಫೋಟೋ ತೆಗೆದು, ಪ್ರತಿ ಜೋಡಿಗೂ ಎರಡೂ ತುದಿಯಲ್ಲಿ ಒಂದೇ ಗುರುತಿನ ಚೀಟಿ ಅಂಟಿಸಬೇಕು.

ಆರಿಸುವಾಗ ಮೊದಲು 230 ವೋಲ್ಟಿನ ಸಂಪರ್ಕ, ಅನಂತರ ಬ್ಯಾಟರಿ, ಆಮೇಲೆ ಹೊರಲೈನುಗಳು, ಎಕ್ಸ್‌ಟೆನ್ಶನ್‌ಗಳು, ಕೊನೆಗೆ ಅರ್ಥಿಂಗ್. ಹೊಸ ಜಾಗದಲ್ಲಿ ಜೋಡಿಸುವಾಗ ಮೊಟ್ಟಮೊದಲು ಅರ್ಥಿಂಗ್. ಬ್ಯಾಟರಿಯನ್ನು ಮರೆತು 230 ವೋಲ್ಟನ್ನು ಮಾತ್ರ ತೆಗೆದು ಕಾರ್ಡುಗಳನ್ನು ಎಳೆಯುವುದು ಅವು ಸುಟ್ಟುಹೋಗುವುದಕ್ಕೆ ಒಂದು ಸಾಮಾನ್ಯ ಕಾರಣ. ಫೋನಿನ ಲೈನು ಕಡಿಮೆ ವೋಲ್ಟಿನದೆಂಬ ಭಾವನೆಯೂ ಪೂರ್ತಿ ಸರಿಯಲ್ಲ: ಸುಮ್ಮನಿರುವಾಗ 48 ವೋಲ್ಟ್ ಇರುವ ಲೈನಿನಲ್ಲಿ ಗಂಟೆ ಬಾರಿಸುವಾಗ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ ಹರಿಯುತ್ತದೆ, ಒದ್ದೆ ಕೈಗೆ, ಏಣಿಯ ಮೇಲೆ ನಿಂತವರಿಗೆ ಅದು ಅಪಾಯಕಾರಿ.

ಅದೇ ಕಟ್ಟಡದೊಳಗೆ ಪೆಟ್ಟಿಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಎಲ್ಲ ತಂತಿಗಳನ್ನು ಹೊಸದಾಗಿ ಎಳೆಯಬೇಕಾಗಿಲ್ಲ. ಹಳೆಯ ಜೋಡಣೆಯ ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ಅಲ್ಲಿಂದ ಹೊಸ ಜಾಗಕ್ಕೆ ಹಲವು ಜೋಡಿತಂತಿಗಳಿರುವ ಒಂದು ಕೇಬಲ್ ಎಳೆದು ಎರಡೂ ಕಡೆ ಕ್ರೋನ್ ಪಟ್ಟಿಗೆ ಪಂಚ್ ಮಾಡಿದರೆ (ಒತ್ತಿ ಕೂರಿಸಿದರೆ) ಕೆಲಸವೂ ಅಚ್ಚುಕಟ್ಟು, ದೋಷ ಹುಡುಕುವುದೂ ಸುಲಭ. ಬೇಕಾದದ್ದಕ್ಕಿಂತ ಹೆಚ್ಚು ಜೋಡಿಗಳಿರುವ ಕೇಬಲ್ ತರಬೇಕು. ಹೆಣೆದು ಟೇಪು ಸುತ್ತಿದ ಜೋಡಣೆ ಈ ತೇವದಲ್ಲಿ ಬಾಳುವುದಿಲ್ಲ. ದಾರಿಯಲ್ಲಿ ಜೋಡಿಸಲೇಬೇಕಾದರೆ ಒಳಗೆ ಜೆಲ್ ತುಂಬಿದ ಕನೆಕ್ಟರ್ ಬಳಸಬೇಕು. ಫೋನ್ ಕೇಬಲ್ಲನ್ನು ವಿದ್ಯುತ್ ಕೇಬಲ್ ಇರುವ ಕೇಸಿಂಗಿನಲ್ಲಿ ತುರುಕದೆ, ಸುಮಾರು ಒಂದಡಿ ದೂರದಲ್ಲಿ ಒಯ್ದು, ದಾಟಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು.

ಮೇಜಿನ ಫೋನುಗಳನ್ನು ಗೋಡೆಗೆ ಏರಿಸುವುದು ಸುಲಭ. ಹೆಚ್ಚಿನ ಸೆಟ್‌ಗಳ ಬೆನ್ನಿಗೆ ಸ್ಕ್ರೂವಿನ ತಲೆ ಹಿಡಿಯುವ ತೂತುಗಳಿರುತ್ತವೆ. ರಿಸೀವರ್ ಕೂರುವ ಜಾಗದ ಪುಟ್ಟ ಪ್ಲಾಸ್ಟಿಕ್ ನಾಲಗೆಯನ್ನು ತೆಗೆದು, ತಿರುಗಿಸಿ ಹಾಕಿದರೆ ರಿಸೀವರ್ ಜಾರದೆ ತೂಗುತ್ತದೆ. ಹಲವು ಐಪಿ ಫೋನುಗಳಿಗೆ ಗೋಡೆಯ ಬ್ರಾಕೆಟ್ಟನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಬರುವವರೂ ಬಳಸಬೇಕಾದ ಫೋನಿನ ಗುಂಡಿಗಳು ನೆಲದಿಂದ 120 ಸೆಂ.ಮೀ.ಗಿಂತ ಮೇಲೆ ಬೇಡ.

ಎಲ್ಲ ಜೋಡಿಸಿದ ಮೇಲೆ ಪ್ರತಿ ಎಕ್ಸ್‌ಟೆನ್ಶನ್‌ನಿಂದ ಒಳಗೂ ಹೊರಗೂ ಒಂದೊಂದು ಕರೆ ಮಾಡಿ ನೋಡಬೇಕು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಸೇರಿಸಬೇಕಾಗಿದೆ. ಹಳೆಯ ಪೆಟ್ಟಿಗೆಯಲ್ಲಿ ಎಸ್‌ಟಿಡಿ ತಡೆಯಲೆಂದು 0ಯನ್ನೇ ನಿರ್ಬಂಧಿಸಿದ್ದರೆ ಮೊಬೈಲ್ ಕರೆಗಳೂ ನಿಂತುಹೋಗುತ್ತವೆ. ಪ್ರೋಗ್ರಾಮಿಂಗ್ ಕೈಯಲ್ಲಿರುವಾಗಲೇ ಅದನ್ನು ತಿದ್ದಿಸಿಕೊಳ್ಳಬೇಕು. ಹೊರಕರೆ ನಿರ್ಬಂಧಿಸಿರುವ ಫೋನಿನಿಂದಲೂ 112, 101, 108 ಸಂಖ್ಯೆಗಳಿಗೆ ದಾರಿ ತೆರೆದಿರುವಂತೆ ಹೊಂದಿಸಿರಬೇಕು. ಹೊಸ ಜಾಗದ ಲೈನು ಕೆಲವು ದಿನ ಸರಿಯಾಗಿ ನಡೆದ ಮೇಲೆಯೇ ಹಳೆಯ ಜಾಗದ ಲೈನನ್ನು ಒಪ್ಪಿಸಬೇಕು. ಮಳೆ ಇಳಿದ ಬಳಿಕ, ಅಕ್ಟೋಬರಿನ ಗುಡುಗು ಶುರುವಾಗುವ ಮೊದಲು, ಒಮ್ಮೆ ಡಬ್ಬಿಯ ಮುಚ್ಚಳ ತೆರೆದು ಹಸಿರುಗಟ್ಟಿದ ತಾಮ್ರ, ಇರುವೆಯ ಗೂಡು, ಹಲಗೆಯ ಹಿಂದಿನ ತೇವವನ್ನು ನೋಡಿ, ಸರ್ಜ್ ರಕ್ಷಕಗಳಲ್ಲಿ ಸುಟ್ಟದ್ದನ್ನು ಬದಲಾಯಿಸಿ, ಅರ್ಥಿಂಗ್ ಪಟ್ಟಿಯ ಸ್ಕ್ರೂಗಳನ್ನು ಬಿಗಿಗೊಳಿಸಬೇಕು.